ರೋಡ್ ಬೈಕಾ, ಕ್ಲಿಪ್-ಆನ್ನಾ, ಟ್ರೈ ಬೈಕಾ? ಟ್ರಯಥ್ಲಾನ್‌ಗೆ ಹೇಗೆ ಕೂತರೆ ಸರಿ

ಟ್ರಯಥ್ಲಾನ್ ಅಂದರೆ ಒಂದೇ ರೇಸಿನಲ್ಲಿ ಈಜು, ಸೈಕಲ್, ಓಟ. ಗೋವಾದ 70.3 ರೇಸಿಗೆ (ಐರನ್‌ಮ್ಯಾನ್ ಅನ್ನುವ ಉದ್ದದ ಟ್ರಯಥ್ಲಾನ್‌ನ ಅರ್ಧ ದೂರ) ಹೆಸರು ಕೊಟ್ಟ ಗೆಳೆಯರಿಂದ ಒಂದೆರಡು ವಾರದಲ್ಲೇ ಫೋನ್ ಬರುತ್ತದೆ. "ಗುರು, ರೋಡ್ ಬೈಕ್ ಇದೆ. ಕ್ಲಿಪ್-ಆನ್ ಹಾಕಿಸ್ಲಾ? ಇಲ್ಲ, ಇರೋದನ್ನ ಮಾರಿ ಟ್ರೈ ಬೈಕೇ ತಗೊಂಡ್ಬಿಡ್ಲಾ?" ಕ್ಲಿಪ್-ಆನ್ ಅಂದರೆ ರೋಡ್ ಬೈಕಿನ ಹ್ಯಾಂಡಲ್‌ಗೆ ಬಿಗಿಯುವ ಏರೋಬಾರ್, ಮೊಣಕೈ ಊರಿ ಬಗ್ಗಿ ಕೂರುವ ಕಂಬಿ. ಟ್ರೈ ಬೈಕ್ ಅಂದರೆ ಆ ಭಂಗಿಗೆಂದೇ ಮಾಡಿದ ಸೈಕಲ್. ನಾನು ತಿರುಗಿಸಿ ಒಂದೇ ಪ್ರಶ್ನೆ ಕೇಳುತ್ತೇನೆ. "ಈಗಿರೋ ಬೈಕಲ್ಲಿ ಮೂರು ಗಂಟೆ ಕೂತು ಇಳಿದ ತಕ್ಷಣ ಓಡೋಕಾಗುತ್ತಾ?" ಅರ್ಧಕ್ಕರ್ಧ ಜನ ಅಲ್ಲೇ ತಡವರಿಸುತ್ತಾರೆ.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ನನ್ನ ಮೊದಲ ಹಾಫ್ ಡಿಸ್ಟೆನ್ಸ್ ರೇಸಿಗೆ ಎರಡು ವಾರ ಇರುವಾಗ ಏರೋಬಾರ್ ತಂದು ಹ್ಯಾಂಡಲ್‌ಗೆ ಬಿಗಿದೆ. ಸೀಟು ಮುಟ್ಟಲಿಲ್ಲ, ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್ ಮುಟ್ಟಲಿಲ್ಲ. ರೇಸಿನ ಮೊದಲ 20 ಕಿ.ಮೀ. ರಾಜನ ಹಾಗೆ ಹೋದೆ. 50ಕ್ಕೆ ಕತ್ತು ಹಿಡಿಯಿತು. 70ಕ್ಕೆ ಏರೋಬಾರ್ ಬಿಟ್ಟು ನೆಟ್ಟಗೆ ಕೂತೆ. ಓಟ ಶುರುವಾದಾಗ ಸೊಂಟ ಹಲಗೆಯಾಗಿತ್ತು. ಬಾರ್‌ನಲ್ಲಿ ಏನೂ ದೋಷ ಇರಲಿಲ್ಲ. ಅದಕ್ಕೆ ತಕ್ಕ ಹಾಗೆ ನಾನು ಕೂತಿರಲಿಲ್ಲ, ಅಷ್ಟೇ.

ಯಾವುದನ್ನು ಇಟ್ಟು ಅಳೆಯಬೇಕು

ಮೊದಲು ಗಾಳಿಯ ವಿಷಯ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ನಮ್ಮ ಶಕ್ತಿಯ ಬಹುಪಾಲು ಗಾಳಿ ತಳ್ಳುವುದಕ್ಕೇ ಹೋಗುತ್ತದೆ. ಆ ಗಾಳಿಯಲ್ಲಿ ಬೈಕಿನ ಪಾಲು ಕಡಿಮೆ. ಸುಮಾರು ಮುಕ್ಕಾಲು ಭಾಗ ನಮ್ಮ ಮೈಯದೇ. ಅಂದರೆ ದುಬಾರಿ ಫ್ರೇಮ್‌ಗಿಂತ ಬಗ್ಗಿದ ಬೆನ್ನು ಮತ್ತು ಒಳಗೆ ಸೇರಿದ ಮೊಣಕೈ ಜಾಸ್ತಿ ಉಳಿಸುತ್ತವೆ. ಆದರೆ ಬಗ್ಗಿದಷ್ಟು ಹೊತ್ತು ಮಾತ್ರ. ಹತ್ತು ನಿಮಿಷಕ್ಕೊಮ್ಮೆ ಎದ್ದು ಕೂರುವವರು ಕೊಟ್ಟ ದುಡ್ಡನ್ನು ಗಾಳಿಗೇ ತೂರುತ್ತಾರೆ.

ಹಾಗಾಗಿ ನನ್ನ ಮೊದಲ ಅಳತೆ: ಆ ಭಂಗಿಯಲ್ಲಿ ಎಷ್ಟು ಹೊತ್ತು ಇರಬಲ್ಲಿರಿ? ಎರಡನೆಯದು: ಇಳಿದ ಮೇಲೆ ಓಡಬಲ್ಲಿರಾ? ಸೈಕ್ಲಿಂಗ್ ರೇಸ್ ಆದರೆ ಗೆರೆ ದಾಟಿ ಬಿದ್ದುಕೊಂಡರೂ ನಡೆಯುತ್ತದೆ. ನಮಗೆ ಹಾಗಲ್ಲ. 70.3ಯಲ್ಲಿ 90 ಕಿ.ಮೀ. ತುಳಿದ ಮೇಲೆ 21.1 ಕಿ.ಮೀ. ಓಟ ಇದೆ. ಪೂರ್ತಿ ಐರನ್‌ಮ್ಯಾನ್ ಆದರೆ 180 ತುಳಿದು 42.2 ಓಡಬೇಕು. ಬೈಕಲ್ಲಿ ಮೂರು ನಿಮಿಷ ಉಳಿಸಿ ಓಟದಲ್ಲಿ ಹದಿನೈದು ಕಳೆಯುವುದು ತುಂಬಾ ಸುಲಭ.

ಮೂರನೆಯದು ರೇಸಿನ ನಿಯಮ. ನಾವು ನೀವು ಓಡುವ ಏಜ್ ಗ್ರೂಪ್ (ವೃತ್ತಿಪರರಲ್ಲದವರ, ವಯಸ್ಸಿನ ಗುಂಪಿನ) ರೇಸ್‌ಗಳಲ್ಲಿ ಸಾಮಾನ್ಯವಾಗಿ ಡ್ರಾಫ್ಟಿಂಗ್ ಇಲ್ಲ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋಗುವಂತಿಲ್ಲ. ಐರನ್‌ಮ್ಯಾನ್ ರೇಸ್‌ಗಳಲ್ಲಿ ಏಜ್ ಗ್ರೂಪ್‌ನವರು 12 ಮೀಟರ್ ಅಂತರ ಬಿಡಬೇಕು. ಇಡೀ ದಾರಿಯ ಗಾಳಿಯನ್ನು ಒಬ್ಬರೇ ಸೀಳಬೇಕು. ಅದಕ್ಕೇ ಇಲ್ಲಿ ಏರೋಬಾರ್‌ಗೆ ಅಷ್ಟು ಬೆಲೆ. ಒಲಿಂಪಿಕ್ಸ್‌ನಲ್ಲಿ ನೋಡುವ ಗುಂಪು ರೇಸ್‌ಗಳ ಕತೆ ಬೇರೆ. ಅಲ್ಲಿ ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಇರುವ ರೋಡ್ ಬೈಕೇ ಬೇಕು, ಟ್ರೈ ಬೈಕ್ ಬಿಡುವುದಿಲ್ಲ. ನಿಮ್ಮ ರೇಸ್ ಯಾವ ಬಗೆ ಅಂತ ನೋಡದೆ ದುಡ್ಡು ಬಿಚ್ಚಬೇಡಿ.

ನಾಲ್ಕನೆಯದು ನೀವು ದಿನಾ ತುಳಿಯುವ ರಸ್ತೆ. ಹೊರದೇಶದ ಗೈಡ್‌ಗಳು ಈ ಮಾತೇ ಎತ್ತುವುದಿಲ್ಲ. ನಮಗೆ ಇದು ದೊಡ್ಡದು. ಏರೋಬಾರ್ ಮೇಲೆ ಮೊಣಕೈ ಊರಿದಾಗ ಕೈ ಬ್ರೇಕಿನ ಮೇಲೆ ಇರುವುದಿಲ್ಲ. ದೇವನಹಳ್ಳಿ ಕಡೆ ಬೆಳಿಗ್ಗೆ ಐದೂವರೆಗೆ ಹೊರಟರೂ ಬಣ್ಣ ಬಳಿಯದ ಹಂಪ್ ಸಿಗುತ್ತದೆ, ನಾಯಿ ಅಡ್ಡ ಬರುತ್ತದೆ, ರಾಂಗ್ ಸೈಡಲ್ಲಿ ಹಾಲಿನ ಬೈಕ್ ಬರುತ್ತದೆ. ಇಂಥ ಕಡೆ ವಾರಕ್ಕೆ ಎಷ್ಟು ಹೊತ್ತು ಏರೋ ಭಂಗಿಯಲ್ಲಿ ಇರಬಹುದು ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ.

ಕೊನೆಗೆ ಮೈ ಮತ್ತು ಜೇಬು. ಮೈ ಅಂದರೆ ಸೊಂಟ ಎಷ್ಟು ಬಗ್ಗುತ್ತದೆ, ಹಳೆಯ ನೋವು ಏನಿದೆ, ಮತ್ತು, ಹೇಳದೆ ವಿಧಿಯಿಲ್ಲ, ಹೊಟ್ಟೆ ಎಷ್ಟಿದೆ. ಪೆಡಲ್ ಮೇಲಕ್ಕೆ ಬಂದಾಗಲೆಲ್ಲ ತೊಡೆ ಹೊಟ್ಟೆಗೆ ಗುದ್ದಿದರೆ ಉಸಿರು ಸಿಗುವುದಿಲ್ಲ. ನನ್ನ ಅನುಭವದ ಮಾತು ಇದು.

ಇದ್ದ ರೋಡ್ ಬೈಕನ್ನೇ ಸರಿಯಾಗಿ ಕೂರಿಸಿಕೊಳ್ಳುವುದು

ಸ್ಪ್ರಿಂಟ್ ಅಥವಾ ಒಲಿಂಪಿಕ್ ದೂರದ ಮೊದಲ ರೇಸ್ ಆಗಿದ್ದರೆ, ಅಂದರೆ ಬೈಕ್ ಭಾಗ 20 ಅಥವಾ 40 ಕಿ.ಮೀ. ಇದ್ದರೆ, ಇಷ್ಟೇ ಸಾಕು. ವಾರಾಂತ್ಯಕ್ಕೆ ನಂದಿ ಹತ್ತುವವರು, ಗುಂಪಲ್ಲಿ ತುಳಿಯುವವರು, ಒಂದೇ ಬೈಕಲ್ಲಿ ಎಲ್ಲ ನಡೆಯಬೇಕು ಅನ್ನುವವರಿಗೂ ಇದೇ ವಾಸಿ. ಬ್ರೇಕ್ ಕೈಯಲ್ಲೇ ಇರುತ್ತದೆ. ಇಳಿಜಾರಿನಲ್ಲಿ ಬೈಕ್ ಹೇಳಿದ ಮಾತು ಕೇಳುತ್ತದೆ. ಹುಡ್ (ಬ್ರೇಕ್ ಲಿವರ್‌ನ ಮೇಲಿನ ರಬ್ಬರ್ ಹಿಡಿ) ಹಿಡಿದು ಮೊಣಕೈ ಬಗ್ಗಿಸಿ ಕೂರುವುದನ್ನು ಕಲಿತರೆ ಗಾಳಿಯೂ ಒಂದಷ್ಟು ತಗ್ಗುತ್ತದೆ. ಅದಕ್ಕೆ ಪೈಸೆ ಖರ್ಚಿಲ್ಲ.

ಇಲ್ಲಿ ಮಾಡಬೇಕಾದ ಮುಖ್ಯ ಕೆಲಸ ಸೀಟಿನ ಎತ್ತರ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಕಾಲ ನಡುವೆ ಒಂದು ದಪ್ಪ ಪುಸ್ತಕ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ ಸುಮಾರು 70.6. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ಅಚ್ಚಿನ ನಡುಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಲಿ. ಸೈಕ್ಲಿಸ್ಟ್ ಗ್ರೆಗ್ ಲೆಮಾಂಡ್ ಹೆಸರಲ್ಲಿ ಓಡಾಡುವ ಹಳೆಯ ಲೆಕ್ಕ ಇದು. ಶುರು ಮಾಡುವುದಕ್ಕೆ ಸರಿ, ಅದೇ ಕೊನೆಯಲ್ಲ. ತುಳಿಯುವಾಗ ಸೊಂಟ ಆಚೆ ಈಚೆ ತೂಗಿದರೆ ಸೀಟು ಎತ್ತರವಾಯಿತು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹುಮಟ್ಟಿಗೆ ತಗ್ಗಾಗಿದೆ. ಒಂದು ಸಲಕ್ಕೆ 5 ಮಿ.ಮೀ.ಗಿಂತ ಜಾಸ್ತಿ ಬದಲಿಸಬೇಡಿ.

ಕ್ಲಿಪ್-ಆನ್: ಬಾರ್ ಬಿಗಿದರೆ ಕೆಲಸ ಮುಗಿಯಲಿಲ್ಲ

ಲೆಮಾಂಡ್ ಹೆಸರು ಬಂತಲ್ಲ, 1989ರ ಟೂರ್ ಡಿ ಫ್ರಾನ್ಸ್ ನೆನಪಾಯಿತು. ಕೊನೆಯ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದರು. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ರೇಸ್. ಏರೋಬಾರ್ ಹಾಕಿಕೊಂಡು ಹೋದರು, ಇಡೀ ಟೂರನ್ನು 8 ಸೆಕೆಂಡ್‌ನಲ್ಲಿ ಗೆದ್ದರು. ಎದುರಾಳಿ ಲೊರಾಂ ಫಿನ್ಯೋ ಏರೋಬಾರ್ ಬಳಸಿರಲಿಲ್ಲ. ರೋಡ್ ರೇಸಿನ ದೊಡ್ಡವರು ಕಣ್ಣರಳಿಸಿ ನೋಡಿದ ಆ ಬಾರ್ ಟ್ರಯಥ್ಲೀಟ್‌ಗಳ ಬೈಕಲ್ಲಿ ಅದಕ್ಕೂ ಮುಂಚೆಯೇ ಇತ್ತು.

ಕಡಿಮೆ ದುಡ್ಡಿಗೆ ಜಾಸ್ತಿ ಲಾಭ ಕೊಡುವುದು ಇದೇ. ಸಾಧಾರಣ ಜೋಡಿ ಕೆಲವೇ ಸಾವಿರಕ್ಕೆ ಸಿಗುತ್ತದೆ. ಆದರೆ ತೊಡಕು ಇರುವುದು ಬಾರ್‌ನಲ್ಲಲ್ಲ, ರೋಡ್ ಬೈಕಿನ ಲೆಕ್ಕಾಚಾರದಲ್ಲಿ.

ರೋಡ್ ಬೈಕಿನ ಸೀಟ್ ಟ್ಯೂಬ್ (ಸೀಟಿನ ಕಡೆಯಿಂದ ಕ್ರ್ಯಾಂಕಿಗೆ ಇಳಿಯುವ ಕೊಳವೆ) ಸುಮಾರು 73 ಡಿಗ್ರಿ ಓರೆ ಇರುತ್ತದೆ. ನೀವು ಪೆಡಲ್‌ಗಿಂತ ಸಾಕಷ್ಟು ಹಿಂದೆ ಕೂತಿರುತ್ತೀರಿ. ಆ ಜಾಗದಿಂದಲೇ ಮುಂದೆ ಬಾಗಿ ಮೊಣಕೈ ಊರಿದರೆ ಎರಡು ತೊಂದರೆ. ಒಂದು, ಮೈ ಉದ್ದಕ್ಕೆ ಎಳೆದ ಹಾಗಾಗಿ ಭುಜ ಮತ್ತು ಕತ್ತು ಸೋಲುತ್ತವೆ. ಇನ್ನೊಂದು, ತೊಡೆ ಮತ್ತು ಮುಂಡದ ನಡುವಿನ ಜಾಗ ಮುಚ್ಚಿಹೋಗುತ್ತದೆ. ಚಾಕುವನ್ನು ಮಡಿಸಿದ ಹಾಗೆ. ಟ್ರೈ ಬೈಕ್‌ನಲ್ಲಿ ಈ ಕೋನ 76ರಿಂದ 80 ಡಿಗ್ರಿ ತನಕ ಇರುತ್ತದೆ. ಇಡೀ ಮೈಯನ್ನು ಕ್ರ್ಯಾಂಕಿನ ಸುತ್ತ ಮುಂದಕ್ಕೆ ತಿರುಗಿಸಿದ ಹಾಗೆ. ಬೆನ್ನು ತಗ್ಗಿದರೂ ಸೊಂಟದ ಹತ್ತಿರ ಜಾಗ ಉಳಿಯುತ್ತದೆ.

ಹಾಗಾದರೆ ಸೀಟು ಮುಂದಕ್ಕೆ ತಳ್ಳಿದರೆ ಆಯಿತಲ್ಲ? ಲೆಕ್ಕ ಹಾಕಿ ನೋಡಿ. ಸೀಟಿನ ಎತ್ತರ 75 ಸೆಂ.ಮೀ. ಇರುವವರಿಗೆ ಒಂದು ಡಿಗ್ರಿ ಅಂದರೆ ಸುಮಾರು 13 ಮಿ.ಮೀ. 73ರಿಂದ 78ಕ್ಕೆ ಹೋಗಬೇಕಾದರೆ ಆರು ಸೆಂ.ಮೀ.ಗೂ ಜಾಸ್ತಿ ಮುಂದೆ ಬರಬೇಕು. ಸೀಟಿನ ಕೆಳಗಿನ ಕಂಬಿಯಲ್ಲಿ ಎರಡು-ಮೂರು ಸೆಂ.ಮೀ. ಸಿಗುತ್ತದೆ. ಹಿಂದಕ್ಕೆ ಬಾಗಿದ ಸೀಟ್ ಪೋಸ್ಟ್ ತೆಗೆದು ನೇರದ್ದು ಹಾಕಿದರೆ ಇನ್ನೆರಡು. ಮೂತಿ ಮೊಂಡಾಗಿರುವ, ನಡುವೆ ಸೀಳಿರುವ ಟ್ರೈ ಸೀಟಿನಲ್ಲಿ ಮುಂದೆಯೇ ಕೂರಬಹುದು, ಅಲ್ಲೂ ಒಂದಷ್ಟು ಸಿಗುತ್ತದೆ. ಇಷ್ಟೆಲ್ಲ ಮಾಡಿದರೆ 76-77ರ ಹತ್ತಿರ ಬರುತ್ತೀರಿ. 70.3ಗೆ ಧಾರಾಳ ಸಾಕು.

ಇದರ ಜೊತೆ ನೆನಪಿಡಬೇಕಾದ ಎರಡು ಮಾತು. ಸೀಟನ್ನು 1 ಸೆಂ.ಮೀ. ಮುಂದೆ ತಂದರೆ ಪೆಡಲ್‌ಗೆ ಹತ್ತಿರವಾಗುತ್ತೀರಿ, ಹಾಗಾಗಿ ಸುಮಾರು 3 ಮಿ.ಮೀ. ಮೇಲೆತ್ತಬೇಕು. ಮುಂದೆ ಬಂದ ಮೇಲೂ ಕೈ ಚಾಚಿಕೊಂಡೇ ಇದ್ದರೆ ಸ್ಟೆಮ್ ಚಿಕ್ಕದು ಹಾಕಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತಾರಲ್ಲ, ಇಲ್ಲಿ ಫ್ರೇಮ್ ಇದ್ದಷ್ಟೇ ಕೈ. ಮೊಣಕೈ ಭುಜದ ನೇರ ಕೆಳಗೆ ಅಥವಾ ಸ್ವಲ್ಪ ಮುಂದೆ ಬಂದು ಕೂತರೆ ತೂಕವನ್ನು ಮೂಳೆ ಹೊರುತ್ತದೆ. ಅದಕ್ಕಿಂತ ಮುಂದೆ ಹೋದರೆ ಸ್ನಾಯು ಹೊರಬೇಕು. ಸ್ನಾಯು ಮೂರು ಗಂಟೆ ಹೊರುವುದಿಲ್ಲ.

ಸೀಳು ಸೀಟಿನ ವಿಷಯದಲ್ಲಿ ನಾಚಿಕೆ ಬೇಡ. ಮುಂದೆ ಬಾಗಿದಾಗ ಸೊಂಟ ತಿರುಗಿ ಭಾರವೆಲ್ಲ ತೊಡೆಸಂದಿನ ಮೆತ್ತನೆಯ ಜಾಗದ ಮೇಲೆ ಬೀಳುತ್ತದೆ. ಜೋಮು ಹಿಡಿದರೆ "ರೂಢಿಯಾಗುತ್ತೆ ಬಿಡು" ಅನ್ನುವವರ ಮಾತು ಕೇಳಬೇಡಿ. ಅದು ರೂಢಿ ಮಾಡಿಕೊಳ್ಳುವ ವಿಷಯವೇ ಅಲ್ಲ. ಗಂಡಸರಿಗೂ ಹೆಂಗಸರಿಗೂ ಇದು ಒಂದೇ. ನನ್ನ ಕೇಳಿದರೆ ಕ್ಲಿಪ್-ಆನ್‌ಗೆ ಇಟ್ಟ ದುಡ್ಡಲ್ಲಿ ಅಗ್ಗದ ಬಾರ್ ತಗೊಂಡು, ಉಳಿದದ್ದನ್ನು ಸೀಟಿಗೆ ಹಾಕಿ.

ಈ ಜೋಡಣೆಯ ಕೊರತೆಗಳೂ ಇವೆ. ಗೇರ್ ಇರುವುದು ಹುಡ್ ಹತ್ತಿರ. ಪ್ರತಿ ಸಲ ಕೈ ತೆಗೆದು ಗೇರ್ ಹಾಕಿ ಮತ್ತೆ ಬಗ್ಗಬೇಕು. ಏರಿಳಿತದ ರಸ್ತೆಯಲ್ಲಿ ಇದು ರೇಜಿಗೆ. ಮೈಭಾರ ಮುಂದಿನ ಚಕ್ರಕ್ಕೆ ಬಿದ್ದು ಹ್ಯಾಂಡಲ್ ಚುರುಕಾಗುತ್ತದೆ. ನಂದಿ ಇಳಿಯುವಾಗ ಅದು ಬೇಕಿಲ್ಲದ ಚುರುಕು. ಅಲ್ಲಿ ಏರೋಬಾರ್ ಮುಟ್ಟುವ ಮಾತೇ ಇಲ್ಲ. ಇನ್ನೊಂದು, ಎಲ್ಲ ಹ್ಯಾಂಡಲ್‌ಗೂ ಕ್ಲಿಪ್-ಆನ್ ಕೂರುವುದಿಲ್ಲ. ಮೇಲ್ಭಾಗ ಚಪ್ಪಟೆ ಇರುವ ಏರೋ ಹ್ಯಾಂಡಲ್ ಆದರೆ ಕಷ್ಟ. ಕಾರ್ಬನ್ ಆದರೆ ತಯಾರಕರು ಕ್ಲಿಪ್-ಆನ್‌ಗೆ ಒಪ್ಪಿದ್ದಾರಾ ಅಂತ ನೋಡಲೇಬೇಕು. ಕಣ್ಣಂದಾಜಿನಲ್ಲಿ ಬಿಗಿದ ಬಾರ್ ಹಂಪ್ ಮೇಲೆ ಸರ್ರನೆ ಕೆಳಗೆ ಜಾರಿದ್ದನ್ನು ನಾನು ನೋಡಿದ್ದೇನೆ. ಎಷ್ಟು ಬಿಗಿಯಬೇಕೋ ಅಷ್ಟೇ ಬಿಗಿಯುವ ಟಾರ್ಕ್ ಕೀ ಕೊಳ್ಳಿ, ಇಲ್ಲ ಇರುವವರ ಹತ್ತಿರ ಬಿಗಿಸಿ.

ಟ್ರೈ ಬೈಕ್

ಚೆನ್ನಾಗಿ ಕೂತ ಟ್ರೈ ಬೈಕ್‌ನಲ್ಲಿ ಏರೋ ಭಂಗಿಯೇ ಆರಾಮದ ಭಂಗಿ. ಗೇರ್ ಬೆರಳ ತುದಿಯಲ್ಲೇ ಇರುತ್ತದೆ. ಕುಡಿಯುವ ನೀರು ಕೈಗಳ ನಡುವೆ. ತೊಡೆಯ ಹಿಂಭಾಗ ಕಡಿಮೆ ಸೋತಂತೆ ಅನಿಸಿ ಓಟಕ್ಕೆ ಅನುಕೂಲ ಅಂತ ಬಹಳ ಜನ ಹೇಳುತ್ತಾರೆ, ನನಗೂ ಹಾಗೇ ಅನಿಸಿದೆ. ರೋಡ್ ಸೈಕ್ಲಿಂಗಿನ ಟೈಮ್ ಟ್ರಯಲ್‌ನಲ್ಲಿ ಸೀಟಿನ ಮೂತಿ ಕ್ರ್ಯಾಂಕ್‌ಗಿಂತ 5 ಸೆಂ.ಮೀ. ಹಿಂದೆ ಇರಬೇಕು ಅಂತ ಬಹುಕಾಲ ನಿಯಮ ಇತ್ತು. ನಮಗೆ ಆ ಕಟ್ಟು ಇಲ್ಲ. ಹಾಗಾಗಿ ಟೈಮ್ ಟ್ರಯಲ್‌ಗೆ ಅಂತ ಮಾಡಿದ ಬೈಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಅದರ ಸೀಟು ಸಾಕಷ್ಟು ಮುಂದೆ ಬರುತ್ತದಾ ಅಂತ ಮೊದಲು ನೋಡಿ.

ಆದರೆ ಇದು ಲಕ್ಷಗಳ ಮಾತು. ಗುಂಪಲ್ಲಿ ತುಳಿಯಲು ಬಾರದು, ಘಾಟಿಗೆ ಬಾರದು, ಪೇಟೆಗಂತೂ ಬಾರದು. ಹೊಸ ಮಾದರಿಗಳಲ್ಲಿ ಕೇಬಲ್ ಎಲ್ಲ ಒಳಗೇ ಹೋಗಿರುವುದರಿಂದ ಒಂದು ಸ್ಪೇಸರ್ (ಎತ್ತರ ಹೊಂದಿಸುವ ತುಂಡು) ಬದಲಿಸಲೂ ಅರ್ಧ ದಿನ. ವರ್ಷಕ್ಕೆ ಒಂದೇ 70.3 ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಪೂರ್ತಿ ಐರನ್‌ಮ್ಯಾನ್ ಗುರಿ ಇದ್ದು, ಆಗಲೇ ಒಂದು ರೋಡ್ ಬೈಕ್ ಇದ್ದು, ಮನೆಯಲ್ಲಿ ಟ್ರೇನರ್ (ಬೈಕ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಗಂಟೆಗಟ್ಟಲೆ ಕೂರುವ ತಾಳ್ಮೆ ಇದ್ದರೆ ಖಂಡಿತ ತಗೊಳ್ಳಿ.

ತಗೊಳ್ಳುವಾಗ ಮಾತ್ರ "54 ಸೈಜ್" ಅನ್ನುವುದನ್ನು ನಂಬಬೇಡಿ. ಒಂದು ಕಂಪನಿಯ 54 ಇನ್ನೊಂದರ 52. ನೋಡಬೇಕಾದದ್ದು ಸ್ಟ್ಯಾಕ್ ಮತ್ತು ರೀಚ್. ಕ್ರ್ಯಾಂಕಿನ ಮಧ್ಯದಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಮುಂದಿನ ಕೊಳವೆ) ಮೇಲ್ತುದಿ ಎಷ್ಟು ಮೇಲೆ, ಎಷ್ಟು ಮುಂದೆ ಅನ್ನುವ ಎರಡು ಅಳತೆ. ಈ ಎರಡು ಸಂಖ್ಯೆಯನ್ನು ಚಾಲ್ತಿಗೆ ತಂದವರಲ್ಲಿ ಡ್ಯಾನ್ ಎಂಪ್‌ಫೀಲ್ಡ್ ಮುಖ್ಯರು. 1987ರಲ್ಲಿ ಕ್ವಿಂಟಾನಾ ರೂ ಕಂಪನಿ ಕಟ್ಟಿ, ಕಡಿದಾದ ಸೀಟ್ ಟ್ಯೂಬ್ ಇಟ್ಟು ಟ್ರಯಥ್ಲಾನ್‌ಗೆಂದೇ ಬೈಕ್ ಮಾಡಿದವರು ಅವರೇ. ನಿಮಗೆ ಒಪ್ಪುವ ಭಂಗಿ ಮೊದಲು ಗೊತ್ತಿರಬೇಕು, ಅದಕ್ಕೆ ತಕ್ಕ ಫ್ರೇಮ್ ಆಮೇಲೆ. ಆಫರ್ ನೋಡಿ ಬೈಕ್ ತಂದು ಆಮೇಲೆ ಫಿಟ್ ಮಾಡಿಸಲು ಹೋದರೆ, ಅಂಗಿ ಹೊಲಿಸಿದ ಮೇಲೆ ಅಳತೆ ಕೊಟ್ಟ ಹಾಗೆ.

ಕುಳ್ಳಗಿರುವವರಿಗೆ ಒಂದು ಮಾತು. ಚಿಕ್ಕ ಫ್ರೇಮ್‌ಗೂ ದೊಡ್ಡ ಚಕ್ರ ಹಾಕುವುದರಿಂದ ಮುಂಭಾಗ ಎತ್ತರವೇ ಉಳಿದು ತಗ್ಗುವುದು ಕಷ್ಟ. ಇಲ್ಲಿ ನೆರವಿಗೆ ಬರುವುದು ಚಿಕ್ಕ ಕ್ರ್ಯಾಂಕ್. 170 ಅಥವಾ 172.5ರ ಬದಲು 165 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಮಂಡಿ ಅಷ್ಟು ಮೇಲೆ ಬರುವುದಿಲ್ಲ, ಸೊಂಟಕ್ಕೆ ಜಾಗ ಸಿಗುತ್ತದೆ. ಕ್ರ್ಯಾಂಕ್ ಎಷ್ಟು ಕಡಿಮೆಯಾಯಿತೋ ಅಷ್ಟೇ ಸೀಟು ಮೇಲೆತ್ತಬೇಕಾಗುವುದರಿಂದ ಮೊಣಕೈ ಪ್ಯಾಡ್ ತಾನಾಗಿ ತಗ್ಗಿದ ಹಾಗಾಗುತ್ತದೆ. ಶಕ್ತಿ ಕಡಿಮೆಯಾಗುತ್ತೆ ಅನ್ನುವ ಹೆದರಿಕೆ ಬೇಡ. ಅಮೆರಿಕದ ಸಂಶೋಧಕ ಜಿಮ್ ಮಾರ್ಟಿನ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 120ರಿಂದ 220 ಮಿ.ಮೀ. ತನಕ ಐದು ಅಳತೆಯ ಕ್ರ್ಯಾಂಕ್ ಹಾಕಿ ನೋಡಿದರೂ ಗರಿಷ್ಠ ಶಕ್ತಿಯಲ್ಲಿ ವ್ಯತ್ಯಾಸ ಬಂದದ್ದು ಸುಮಾರು ಶೇ. 4 ಮಾತ್ರ. ನಾವು ಆಡುವ 5-7 ಮಿ.ಮೀ. ಅದರ ಮುಂದೆ ಏನೂ ಅಲ್ಲ. ಹೊಟ್ಟೆ ಇರುವವರಿಗೂ ಇದೇ ಮದ್ದು, ಡಯಟ್‌ಗಿಂತ ಬೇಗ ಕೆಲಸ ಮಾಡುತ್ತದೆ.

ಯಾರ ಕೈಲಿ ಫಿಟ್ ಮಾಡಿಸುವುದು

ಮೊಬೈಲ್ ಮತ್ತು ಟ್ರೇನರ್ ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲೇ ಆಗುತ್ತದೆ. ಫೋನನ್ನು ಸೊಂಟದ ಎತ್ತರಕ್ಕೆ, ಪಕ್ಕಕ್ಕೆ ನೇರವಾಗಿ ಇಟ್ಟು ಇಪ್ಪತ್ತು ನಿಮಿಷ ತುಳಿದ ಮೇಲೆ ವಿಡಿಯೊ ಮಾಡಿ. ಶುರುವಿನಲ್ಲಿ ಎಲ್ಲರೂ ಚೆನ್ನಾಗೇ ಕೂತಿರುತ್ತಾರೆ. ಸೋತ ಮೇಲೆ ನಿಜ ಕಾಣುತ್ತದೆ. ಪೆಡಲ್ ಕೆಳಗಿರುವಾಗ ಮಂಡಿ ಸುಮಾರು 35-40 ಡಿಗ್ರಿ ಬಗ್ಗಿರಲಿ. ಮೇಲ್ತೋಳು ಮುಂಡಕ್ಕೆ ಹೆಚ್ಚುಕಡಿಮೆ 90 ಡಿಗ್ರಿ ಇರಲಿ. ನೀವು ಮತ್ತೆ ಮತ್ತೆ ಸೀಟಿನ ಮೂತಿಗೆ ಜಾರುತ್ತಿದ್ದರೆ ಸೀಟು ಹಿಂದಿದೆ ಅಂತ ಅರ್ಥ. ಮೈಯೇ ಹೇಳುತ್ತಿದೆ, ಕೇಳಿ. ಭುಜ ಕಿವಿಗೆ ತಾಗುವ ಹಾಗೆ ಎದ್ದಿದ್ದರೆ ಪ್ಯಾಡ್ ಅತಿ ತಗ್ಗು ಅಥವಾ ಅತಿ ದೂರ.

ದುಡ್ಡು ಕೊಟ್ಟು ಫಿಟ್ ಮಾಡಿಸುವುದು ಯಾವಾಗ? ಹಳೆಯ ಸೊಂಟನೋವು ಇದ್ದರೆ, ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಇದ್ದರೆ, ಜೋಮು ಯಾವುದಕ್ಕೂ ಬಗ್ಗದಿದ್ದರೆ, ಅಥವಾ ಟ್ರೈ ಬೈಕ್ ಕೊಳ್ಳುವ ಮುಂಚೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಸಾಕಷ್ಟು ಜನ ಇದ್ದಾರೆ. ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿ: ಟ್ರಯಥ್ಲಾನ್ ಫಿಟ್ ಮಾಡುತ್ತೀರಾ, ಒಂದು ತಿಂಗಳ ನಂತರ ಮತ್ತೆ ನೋಡುತ್ತೀರಾ? ನಾನೊಮ್ಮೆ ಹೋದ ಕಡೆ ಕಂಪ್ಯೂಟರ್, ಲೇಸರ್ ಎಲ್ಲ ಇತ್ತು. ಏರೋಬಾರ್ ಮೇಲೆ ನನ್ನನ್ನು ಕೂರಿಸಿದ್ದು ಐದು ನಿಮಿಷ. ರಿಪೋರ್ಟ್ ಮಾತ್ರ ಹನ್ನೆರಡು ಪುಟ.

ಬದಲಾವಣೆ ಏನೇ ಮಾಡಿದರೂ ರೇಸಿಗೆ ಕನಿಷ್ಠ ಆರೆಂಟು ವಾರ ಮೊದಲು ಮುಗಿಸಿ. ಮೊದಲ ವಾರ ಏರೋ ಭಂಗಿ ಇಪ್ಪತ್ತು ನಿಮಿಷ, ಆಮೇಲೆ ನಲವತ್ತು, ಹೀಗೆ ಏರಿಸಿ. ತಿಂಗಳಲ್ಲಿ ಎರಡು ಸಲವಾದರೂ ಟ್ರೇನರ್‌ನಿಂದ ಇಳಿದ ಕೂಡಲೇ ಶೂ ಹಾಕಿಕೊಂಡು ಹದಿನೈದು ನಿಮಿಷ ಓಡಿ. ಓಟ ಸಲೀಸಾಗಿ ಬಂದರೆ ಪ್ಯಾಡ್ ಕೆಳಗಿನ ಒಂದು ಸ್ಪೇಸರ್ ತೆಗೆಯಬಹುದು. ಬಾರದಿದ್ದರೆ ಒಂದು ಸೇರಿಸಿ, ಮರ್ಯಾದೆ ಏನೂ ಹೋಗುವುದಿಲ್ಲ.

ಕೊನೆಗೆ, ಬೈಕನ್ನು ಪೆಟ್ಟಿಗೆಗೆ ತುಂಬುವ ಮುಂಚೆ ಸೀಟ್ ಪೋಸ್ಟ್ ಫ್ರೇಮಿಗೆ ಇಳಿಯುವ ಜಾಗಕ್ಕೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿ. ಸೀಟಿನ ಮೂತಿಯಿಂದ ಪ್ಯಾಡಿನ ತನಕ ಅಳೆದು ಫೋಟೊ ತೆಗೆದಿಟ್ಟುಕೊಳ್ಳಿ. ರೇಸಿನ ಹಿಂದಿನ ರಾತ್ರಿ ಗೋವಾದ ಮಿರಾಮಾರ್ ಹತ್ತಿರದ ಹೋಟೆಲ್ ರೂಮಿನಲ್ಲಿ ಅಲೆನ್ ಕೀ ಹಿಡಿದುಕೊಂಡು "ಇಲ್ಲೇ ಇತ್ತಾ, ಇನ್ನೂ ಸ್ವಲ್ಪ ಮೇಲಿತ್ತಾ" ಅಂತ ಹೆಂಡತಿಯನ್ನು ಕೇಳುವ ಪರಿಸ್ಥಿತಿ ಬರಬಾರದು. ಅವಳಿಗೂ ಗೊತ್ತಿರುವುದಿಲ್ಲ, ಕೇಳಿ ನೋಡಿದ್ದೇನೆ.